ಟಿಕೆಟ್ ದುಡ್ಡು ಯಾರ ಕಿಸೆಯಿಂದ? ಜನ್ಮಜಾತ ದೋಷಗಳ ಸಮ್ಮೇಳನಕ್ಕೆ ಹೊರಟ ಯುವ ಸಂಶೋಧಕರೂ ಪ್ರಯಾಣ ಅನುದಾನವೂ

ಗರ್ಭಿಣಿಗೆ ಮೊದಲ ಮೂರು ತಿಂಗಳು ದಿನಕ್ಕೊಂದರಂತೆ ನುಂಗಲು ಹೇಳುವ ಫೋಲಿಕ್ ಆಮ್ಲದ ಮಾತ್ರೆಯಲ್ಲಿ ಇರುವ ಔಷಧ 400 ಮೈಕ್ರೊಗ್ರಾಂ. ಒಂದು ಗ್ರಾಮನ್ನು 2,500 ಪಾಲು ಮಾಡಿದರೆ ಬರುವ ಒಂದು ಪಾಲು. ಈ ಔಷಧ ಮಗುವಿನ ಬೆನ್ನುಹುರಿಯನ್ನು ಕಾಯಬಲ್ಲದು ಎಂಬ ಅನುಮಾನ 1960ರ ದಶಕದಿಂದಲೇ ಇತ್ತು. ಅದು ಖಚಿತವಾದದ್ದು 1991ರಲ್ಲಿ, ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿದ ಪ್ರಯೋಗದಿಂದ. ಹಿಂದೊಮ್ಮೆ ನರನಾಳ ದೋಷವಿದ್ದ, ಅಂದರೆ ಮಿದುಳೋ ಬೆನ್ನುಹುರಿಯೋ ಸರಿಯಾಗಿ ರೂಪುಗೊಳ್ಳದ ಮಗುವನ್ನು ಹೊತ್ತಿದ್ದ 1,817 ಮಹಿಳೆಯರು ಅದರಲ್ಲಿ ಪಾಲ್ಗೊಂಡರು. ದಿನಕ್ಕೆ 4 ಮಿಲಿಗ್ರಾಂ ಫೋಲಿಕ್ ಆಮ್ಲ ಪಡೆದವರಲ್ಲಿ ದೋಷ ಮರುಕಳಿಸುವುದು ಶೇ 72ರಷ್ಟು ತಗ್ಗಿತು. ಅಷ್ಟು ಮಹಿಳೆಯರನ್ನು ಕಲೆಹಾಕಲು 7 ದೇಶಗಳ 33 ಕೇಂದ್ರಗಳು ಕೈಜೋಡಿಸಬೇಕಾಯಿತು.

ಒಂದೇ ಆಸ್ಪತ್ರೆ ಇದನ್ನು ಮಾಡಿ ಮುಗಿಸಲಾಗುತ್ತಿರಲಿಲ್ಲ. ಬೇರೆ ಬೇರೆ ಊರಿನ ವೈದ್ಯರು, ಜೀವವಿಜ್ಞಾನಿಗಳು, ಅಂಕಿಅಂಶ ತಜ್ಞರು ಒಬ್ಬರನ್ನೊಬ್ಬರು ಅರಿಯುವ ಜಾಗಗಳಲ್ಲಿ ಮುಖ್ಯವಾದದ್ದು ವಿಜ್ಞಾನ ಸಮ್ಮೇಳನ. ಅಲ್ಲಿಗೆ ಹೋಗಲು ಹಿರಿಯ ಪ್ರಾಧ್ಯಾಪಕರಿಗೆ ಹೇಗೋ ಹಣ ಹೊಂದುತ್ತದೆ. ಪಿಎಚ್‌ಡಿ ಮಾಡುತ್ತಿರುವವರಿಗೆ ಹೊಂದುವುದಿಲ್ಲ. ಆ ಕೊರತೆ ತುಂಬಲು ಇರುವುದೇ ಪ್ರಯಾಣ ಅನುದಾನ. 2025ರಲ್ಲಿ ಅಮೆರಿಕದ ಸರ್ಕಾರ ನೂರಾರು ಸಂಶೋಧನಾ ಅನುದಾನಗಳನ್ನು ಒಮ್ಮೆಲೇ ರದ್ದು ಮಾಡಿದ ಮೇಲೆ, ಸಾರ್ವಜನಿಕರ ದುಡ್ಡಿನಲ್ಲಿ ವಿದ್ಯಾರ್ಥಿಗಳು ವಿಮಾನ ಹತ್ತುವುದೇಕೆ ಎಂಬ ಪ್ರಶ್ನೆ ಮತ್ತೆ ಕೇಳಿಬರುತ್ತಿದೆ. ಈ ದುಡ್ಡು ಎಲ್ಲಿಂದ ಹೊರಟು ಯಾರ ಕೈಗೆ ಬರುತ್ತದೆ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದನ್ನು ಬಿಡಿಸಿ ನೋಡೋಣ.

ಜನ್ಮಜಾತ ದೋಷ ಎಂದರೆ

ಮಗು ಗರ್ಭದಲ್ಲಿ ಬೆಳೆಯುವಾಗಲೇ ಅಂಗದ ರಚನೆಯಲ್ಲೋ ಕೆಲಸದಲ್ಲೋ ಉಂಟಾದ ಲೋಪವೇ ಜನ್ಮಜಾತ ದೋಷ. ಸೀಳುತುಟಿ, ಹೃದಯದ ಗೋಡೆಯಲ್ಲಿ ರಂಧ್ರ, ಒಳಕ್ಕೆ ತಿರುಚಿದ ಪಾದ, ಹುಟ್ಟು ಕಿವುಡು, ಡೌನ್ ಸಿಂಡ್ರೋಮ್ ಎಲ್ಲವೂ ಇದರಲ್ಲಿ ಸೇರುತ್ತವೆ. ಕೆಲವು ಹುಟ್ಟಿದ ಕ್ಷಣವೇ ಕಾಣುತ್ತವೆ. ಕೆಲವು ಮಗು ಶಾಲೆಗೆ ಹೋಗುವ ಹೊತ್ತಿಗೆ ಗೊತ್ತಾಗುತ್ತವೆ. ಅಮೆರಿಕದ ಲೆಕ್ಕದಲ್ಲಿ ಪ್ರತಿ 33 ಮಕ್ಕಳಲ್ಲಿ ಒಂದಕ್ಕೆ ಇಂಥ ದೋಷವಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 2.4 ಲಕ್ಷ ಶಿಶುಗಳು ಈ ಕಾರಣಕ್ಕೆ ಹುಟ್ಟಿದ 28 ದಿನಗಳೊಳಗೆ ಸಾಯುತ್ತವೆ. ಗಂಭೀರ ದೋಷವಿರುವ 10 ಮಕ್ಕಳಲ್ಲಿ 9 ಮಕ್ಕಳು ಹುಟ್ಟುವುದು ಬಡ ಮತ್ತು ಮಧ್ಯಮ ವರಮಾನದ ದೇಶಗಳಲ್ಲಿ. ಭಾರತದಲ್ಲಿ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂಗನವಾಡಿ, ಶಾಲೆಗಳಿಗೆ ಹೋಗಿ ಮಕ್ಕಳಲ್ಲಿ 32 ಬಗೆಯ ತೊಂದರೆಗಳನ್ನು ಹುಡುಕುತ್ತದೆ. ಅದರಲ್ಲಿ 9 ಜನ್ಮಜಾತ ದೋಷಗಳು.

ನರನಾಳ ದೋಷವನ್ನೇ ತೆಗೆದುಕೊಳ್ಳಿ. ಮಿದುಳು ಮತ್ತು ಬೆನ್ನುಹುರಿ ಮೊದಲು ಹಾಸಿದ ಚಾಪೆಯಂಥ ಪದರ. ಅದರ ಎರಡು ಅಂಚುಗಳು ಮೇಲೆದ್ದು, ಒಂದಕ್ಕೊಂದು ಬೆಸೆದು ಕೊಳವೆಯಾಗುತ್ತವೆ. ಗರ್ಭಧಾರಣೆಯಾದ 28 ದಿನಗಳೊಳಗೆ ಈ ಬೆಸುಗೆ ಮುಗಿಯಬೇಕು. ಎಲ್ಲಾದರೂ ತೆರೆದೇ ಉಳಿದರೆ ದೋಷ. ಮುಟ್ಟು ತಪ್ಪಿದೆ ಎಂದು ತಾಯಿಗೆ ಅನುಮಾನ ಬಂದು, ಪರೀಕ್ಷೆ ಮಾಡಿಸಿ, ಮಾತ್ರೆ ಕೈಗೆ ಬರುವ ಹೊತ್ತಿಗೆ ಆ ಅವಧಿ ಬಹುಮಟ್ಟಿಗೆ ಮುಗಿದಿರುತ್ತದೆ. ಹಾಗಾಗಿಯೇ ಗರ್ಭ ನಿಲ್ಲುವ ಮೊದಲಿನಿಂದಲೇ ಮಾತ್ರೆ ಬೇಕು ಎನ್ನುವುದು.

ಈ ದೋಷಗಳ ಅಧ್ಯಯನಕ್ಕೆ ವಿಜ್ಞಾನಿಗಳು ಇಟ್ಟ ಹೆಸರು ಟೆರಟಾಲಜಿ. ಗ್ರೀಕಿನ 'ಟೆರಾಸ್' ಎಂದರೆ ವಿಕಾರ ಜೀವಿ, ರಾಕ್ಷಸ. ಹೆತ್ತವರ ಮುಂದೆ ಬಾಯಿಬಿಟ್ಟು ಹೇಳುವ ಹೆಸರಲ್ಲ ಅದು. ಅಮೆರಿಕದಲ್ಲಿ 1960ರಲ್ಲಿ ಹುಟ್ಟಿದ ಟೆರಟಾಲಜಿ ಸೊಸೈಟಿ ಈಗ ಜನ್ಮಜಾತ ದೋಷಗಳ ಸಂಶೋಧನೆ ಮತ್ತು ತಡೆ ಸೊಸೈಟಿ ಎಂಬ ಅರ್ಥದ ಹೆಸರಿಟ್ಟುಕೊಂಡಿದೆ. ಯುರೋಪಿನ ಸೊಸೈಟಿ ಹಳೆಯ ಹೆಸರಿನಲ್ಲೇ ಇದೆ.

ಈ ಕ್ಷೇತ್ರಕ್ಕೆ ಸಮ್ಮೇಳನ ಏಕೆ ಬೇಕು

ಎಲ್ಲ ವಿಜ್ಞಾನಕ್ಕೂ ಸಮ್ಮೇಳನ ಬೇಕು. ಇಲ್ಲಿ ಇನ್ನೂ ಹೆಚ್ಚು ಬೇಕು. ಕಾರಣ ಲೆಕ್ಕದಲ್ಲೇ ಇದೆ. ವರ್ಷಕ್ಕೆ 5,000 ಹೆರಿಗೆಯಾಗುವ ದೊಡ್ಡ ಆಸ್ಪತ್ರೆಯಲ್ಲಿ, ಸಾವಿರಕ್ಕೆ 2ರಂತೆ ಕಾಣುವ ದೋಷದ ಪ್ರಕರಣಗಳು ವರ್ಷಕ್ಕೆ 10. ಹತ್ತು ಸಾವಿರಕ್ಕೆ 1ರಂತೆ ಕಾಣುವ ದೋಷ ಎರಡು ವರ್ಷಕ್ಕೊಮ್ಮೆ. ಅಷ್ಟು ಅಪರೂಪದ್ದನ್ನು ಕಂಡ ವೈದ್ಯರಿಗೆ ಅದು ಆಕಸ್ಮಿಕವೋ, ಹೊಸ ಔಷಧದ ಫಲವೋ, ಸೋಂಕಿನ ಗುರುತೋ ಎಂದು ತಿಳಿಯಲು ಪಕ್ಕದ ಊರಿನವರು ಕಂಡದ್ದೂ ಗೊತ್ತಾಗಬೇಕು.

ಇತಿಹಾಸದಲ್ಲಿ ಇದಕ್ಕೆ ಎರಡು ದೊಡ್ಡ ಸಾಕ್ಷಿಗಳಿವೆ. 1941ರಲ್ಲಿ ಸಿಡ್ನಿಯ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್ ಅವರ ಬಳಿಗೆ ಹುಟ್ಟಿನಿಂದಲೇ ಕಣ್ಣಿನ ಪೊರೆ ಇದ್ದ ಹಸುಗೂಸುಗಳು ಸಾಲಾಗಿ ಬಂದವು. ತಾಯಂದಿರನ್ನು ವಿಚಾರಿಸಿದರೆ, ಹೆಚ್ಚಿನವರಿಗೆ ಬಸಿರಿನ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ಬಂದುಹೋಗಿತ್ತು. ಗ್ರೆಗ್ ಇದನ್ನು ಆ ವರ್ಷವೇ ಆಸ್ಟ್ರೇಲಿಯಾದ ನೇತ್ರತಜ್ಞರ ಸಂಘದ ಸಭೆಯಲ್ಲಿ ಮುಂದಿಟ್ಟರು. ತಾಯಿಗೆ ಬಂದ ಸಾಧಾರಣ ಸೋಂಕು ಮಗುವಿನ ಅಂಗವನ್ನೇ ಕೆಡಿಸಬಲ್ಲದು ಎಂಬ ಅರಿವು ಅಲ್ಲಿಂದ ಬೆಳೆಯಿತು. 2017ರ ಫೆಬ್ರುವರಿಯಲ್ಲಿ ಬೆಂಗಳೂರಿನಿಂದ ಚಾಲನೆ ಪಡೆದ ದಡಾರ–ರುಬೆಲ್ಲಾ ಲಸಿಕೆ ಅಭಿಯಾನದ ಬೇರು ಅಲ್ಲಿದೆ.

ಇನ್ನೊಂದು ಥ್ಯಾಲಿಡೊಮೈಡ್ ಪ್ರಕರಣ. 1957ರಲ್ಲಿ ಪಶ್ಚಿಮ ಜರ್ಮನಿಯ ಮಾರುಕಟ್ಟೆಗೆ ಬಂದ ನಿದ್ದೆ ಔಷಧವದು, ಬಸುರಿಯರ ವಾಕರಿಕೆಗೂ ಬಳಕೆಯಾಯಿತು. ಕೈಕಾಲು ಮೊಟಕಾದ ಮಕ್ಕಳು ಹುಟ್ಟುತ್ತಿರುವುದನ್ನು ಗಮನಿಸಿದ ಹ್ಯಾಂಬರ್ಗ್‌ನ ಮಕ್ಕಳ ವೈದ್ಯ ವಿಡುಕಿಂಡ್ ಲೆಂಜ್, 1961ರ ನವೆಂಬರ್‌ನಲ್ಲಿ ಡ್ಯುಸೆಲ್‌ಡಾರ್ಫ್‌ನ ಮಕ್ಕಳ ವೈದ್ಯರ ಸಭೆಯಲ್ಲಿ ಎದ್ದುನಿಂತು ತಮ್ಮ ಅನುಮಾನ ಹೇಳಿದರು. ಅದೇ ತಿಂಗಳು ಮುಗಿಯುವ ಮೊದಲು ಕಂಪನಿ ಜರ್ಮನಿಯಲ್ಲಿ ಔಷಧವನ್ನು ಹಿಂತೆಗೆದುಕೊಂಡಿತು. ಅಷ್ಟರಲ್ಲಿ ಜಗತ್ತಿನಾದ್ಯಂತ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ಹಾನಿಯಾಗಿತ್ತು. ಪತ್ರಿಕೆಗೆ ಲೇಖನ ಕಳಿಸಿ ಅಚ್ಚಾಗುವವರೆಗೆ ಕಾದಿದ್ದರೆ ಇನ್ನಷ್ಟು ತಿಂಗಳು ಕಳೆದುಹೋಗುತ್ತಿದ್ದವು.

ಯಾವ ಸಮ್ಮೇಳನ, ಅಲ್ಲಿ ಏನು ನಡೆಯುತ್ತದೆ

ಮೇಲೆ ಹೇಳಿದ ಅಮೆರಿಕದ ಸೊಸೈಟಿಯ ವಾರ್ಷಿಕ ಸಭೆ ಸಾಮಾನ್ಯವಾಗಿ ಜೂನ್ ಕೊನೆಗೆ ನಡೆಯುತ್ತದೆ. ಯುರೋಪ್, ಜಪಾನ್ ಸೊಸೈಟಿಗಳೂ ವರ್ಷ ವರ್ಷ ಸೇರುತ್ತವೆ. ಅಭಿವೃದ್ಧಿಶೀಲ ದೇಶಗಳಿಗೆಂದೇ ರೂಪಿಸಿದ ಅಂತರರಾಷ್ಟ್ರೀಯ ಸಮ್ಮೇಳನ ಸರಣಿಯೊಂದಿದೆ; 2001ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ಶುರುವಾದ ಅದು 2009ರಲ್ಲಿ ದೆಹಲಿಗೆ, 2020ರಲ್ಲಿ ಕೊಲಂಬೊಗೆ ಬಂದಿತ್ತು. ದೇಶದೊಳಗೆ ವೈದ್ಯಕೀಯ ತಳಿವಿಜ್ಞಾನದ ಭಾರತೀಯ ಅಕಾಡೆಮಿ ಸೊಸೈಟಿ, ಮಾನವ ತಳಿವಿಜ್ಞಾನದ ಭಾರತೀಯ ಸೊಸೈಟಿ ನಡೆಸುವ ಸಭೆಗಳಿವೆ. ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ತಳಿವಿಜ್ಞಾನ ವಿಭಾಗ, ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಂಥ ಕಡೆ ಓದುವವರಿಗೆ ಮೊದಲ ಮೆಟ್ಟಿಲು ಇವೇ. ರೈಲಿನಲ್ಲಿ ಹೋಗಿ ಬರಬಹುದಾದ ಸಭೆಯಲ್ಲಿ ಒಮ್ಮೆ ಮಂಡಿಸಿದ್ದರೆ ವಿದೇಶದ ಅರ್ಜಿಗೂ ಬಲ ಬರುತ್ತದೆ.

ಯುವ ಸಂಶೋಧಕರು ಅಲ್ಲಿ ಸಾಮಾನ್ಯವಾಗಿ ಮಾಡುವುದು ಪೋಸ್ಟರ್ ಮಂಡನೆ. ತಮ್ಮ ಕೆಲಸವನ್ನು ಒಂದು ದೊಡ್ಡ ಹಾಳೆಯಲ್ಲಿ ಮುದ್ರಿಸಿ, ಹಲಗೆಗೆ ಅಂಟಿಸಿ, ಒಂದೆರಡು ಗಂಟೆ ಪಕ್ಕದಲ್ಲಿ ನಿಂತು ಬಂದವರಿಗೆಲ್ಲ ವಿವರಿಸಬೇಕು. ಸಂತೆಯಲ್ಲಿ ಅಂಗಡಿ ಹರವಿ ಕೂತ ಹಾಗೆ. ನಿಮ್ಮ ಪ್ರಯೋಗದ ತಪ್ಪನ್ನು ಹಿಡಿಯುವವರು, ನಿಮ್ಮಲ್ಲಿಲ್ಲದ ಇಲಿಯ ತಳಿಯನ್ನೋ ರೋಗಿಗಳ ದಾಖಲೆಯನ್ನೋ ಹೊಂದಿರುವವರು, ಮುಂದೆ ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ನಂತರದ ಸಂಶೋಧನಾ ಕೆಲಸ, ಕೊಡಬಹುದಾದವರು ಸಿಗುವುದು ಅಲ್ಲಿಯೇ. ಕೋವಿಡ್ ನಂತರ ಆನ್‌ಲೈನ್‌ನಲ್ಲಿ ಪಾಲ್ಗೊಳ್ಳುವ ಅವಕಾಶವನ್ನು ಹಲವು ಸಭೆಗಳು ಉಳಿಸಿಕೊಂಡಿವೆ. ಅದು ಅಗ್ಗ. ಭಾಷಣ ಕೇಳಲು ಸಾಕು, ಈ ಸಂತೆಗೆ ಸಾಲದು.

ಖರ್ಚಿನ ಲೆಕ್ಕ

ಬೆಂಗಳೂರಿನಿಂದ ಅಮೆರಿಕದ ಐದು ರಾತ್ರಿಯ ಸಭೆಗೆ ಹೊರಟವರ ಅಂದಾಜು ಲೆಕ್ಕವೊಂದನ್ನು ಹಾಕೋಣ. ಡಾಲರಿಗೆ ₹86 ಹಿಡಿಯೋಣ. ಎಕಾನಮಿ ದರ್ಜೆಯಲ್ಲಿ ಹೋಗಿಬರುವ ಟಿಕೆಟ್ ₹1.2 ಲಕ್ಷ. ವೀಸಾ ಶುಲ್ಕ 185 ಡಾಲರ್, ಅಂದರೆ ಸುಮಾರು ₹16,000. ವಿದ್ಯಾರ್ಥಿಗಳ ನೋಂದಣಿ ಶುಲ್ಕ 300 ಡಾಲರ್ ಎಂದರೆ ₹26,000. ಹೋಟೆಲ್ ರಾತ್ರಿಗೆ 180 ಡಾಲರ್, ಇಬ್ಬರು ಹಂಚಿಕೊಂಡರೆ ಒಬ್ಬರ ಪಾಲು ₹39,000. ಊಟ, ಬಸ್ಸು, ಮೆಟ್ರೊಗೆ ದಿನಕ್ಕೆ 40 ಡಾಲರ್ ಎಂದರೂ ₹17,000. ಪ್ರಯಾಣ ವಿಮೆ, ಪೋಸ್ಟರ್ ಮುದ್ರಣ ಸೇರಿ ₹4,500. ಒಟ್ಟು ₹2.2 ಲಕ್ಷದ ಮೇಲೆ.

2023ರ ಜನವರಿಯಿಂದ ಕಿರಿಯ ಸಂಶೋಧನಾ ಫೆಲೋಗಳಿಗೆ, ಅಂದರೆ ಜೆಆರ್‌ಎಫ್ ಇರುವವರಿಗೆ, ಸಿಗುವುದು ಮನೆಬಾಡಿಗೆ ಭತ್ಯೆ ಬಿಟ್ಟು ತಿಂಗಳಿಗೆ ₹37,000. ಅಂದರೆ ಐದು ದಿನದ ಸಭೆಗೆ ಆರು ತಿಂಗಳ ಸಂಬಳ. ಪ್ರಯಾಣ ಅನುದಾನಗಳು ಸಾಮಾನ್ಯವಾಗಿ ಇಡೀ ಮೊತ್ತವನ್ನು ಕೊಡುವುದಿಲ್ಲ. ಒಂದು ಕಡೆ ಟಿಕೆಟ್, ಇನ್ನೊಂದು ಕಡೆ ನೋಂದಣಿ, ಮತ್ತೊಂದು ಕಡೆ ಹೋಟೆಲ್ ಎಂದು ಹೊಲಿದು ಕೌದಿ ಮಾಡಬೇಕು.

ದುಡ್ಡು ಬರುವ ದಾರಿಗಳು

ಮೊದಲ ದಾರಿ ಸಮ್ಮೇಳನ ನಡೆಸುವ ಸೊಸೈಟಿಯದು. ಸದಸ್ಯರ ಚಂದಾ, ದೇಣಿಗೆ, ಪ್ರಾಯೋಜಕರ ಹಣದಿಂದ ಸೊಸೈಟಿ ಒಂದು ನಿಧಿ ಇಟ್ಟು, ಮಂಡನೆ ಒಪ್ಪಿಗೆಯಾದ ವಿದ್ಯಾರ್ಥಿಗಳಿಗೂ ಪೋಸ್ಟ್‌ಡಾಕ್‌ಗಳಿಗೂ ಹಂಚುತ್ತದೆ. ಅಮೆರಿಕದಲ್ಲಿ ಈ ನಿಧಿಗೆ ಸರ್ಕಾರದ ಹಣವೂ ಸೇರಬಹುದು. ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು, ಅಂದರೆ ಎನ್‌ಐಎಚ್, ಸಮ್ಮೇಳನಗಳಿಗೆಂದೇ ಕೊಡುವ ಅನುದಾನದ ಹೆಸರು ಆರ್13. ಇದಕ್ಕೆ ಅರ್ಜಿ ಹಾಕುವುದು ವಿದ್ಯಾರ್ಥಿಯಲ್ಲ, ಅಮೆರಿಕದಲ್ಲೇ ಇರುವ ಸೊಸೈಟಿ ಅಥವಾ ವಿಶ್ವವಿದ್ಯಾಲಯ. ಅರ್ಜಿಗೂ ಮುಂಚೆ ಎನ್‌ಐಎಚ್‌ನೊಳಗಿನ ಸಂಬಂಧಪಟ್ಟ ಸಂಸ್ಥೆಯಿಂದ, ಮಕ್ಕಳ ಆರೋಗ್ಯವಾದರೆ ಎನ್‌ಐಸಿಎಚ್‌ಡಿಯಿಂದ, ಒಪ್ಪಿಗೆ ಪತ್ರ ಪಡೆದಿರಬೇಕು. ಅರ್ಜಿ ತೆಗೆದುಕೊಳ್ಳುವ ದಿನಗಳು ಬಹುಕಾಲದಿಂದ ಏಪ್ರಿಲ್ 12, ಆಗಸ್ಟ್ 12, ಡಿಸೆಂಬರ್ 12. ಒಪ್ಪಿಗೆ ಪತ್ರವನ್ನು ಕೇಳಬೇಕಾದದ್ದು ಅದಕ್ಕೂ ಕನಿಷ್ಠ ಆರು ವಾರ ಮೊದಲು. ಅರ್ಜಿಯಿಂದ ಹಣದವರೆಗೆ ಸುಮಾರು ಎಂಟು ತಿಂಗಳು. ಹಾಗಾಗಿ ಮುಂದಿನ ಜೂನ್‌ನ ಸಭೆಗೆ ಹಿಂದಿನ ಆಗಸ್ಟ್‌ನಲ್ಲೇ ಅರ್ಜಿ ಹೋಗಿರಬೇಕು, ಡಿಸೆಂಬರ್‌ನದು ತಡವಾಗುತ್ತದೆ.

ಆರ್13ರ ಹಣದಲ್ಲಿ ಪ್ರಯಾಣ, ನೋಂದಣಿ, ಸಭಾಂಗಣದ ಸೇವೆ ಮುಂತಾದವಕ್ಕೆ ಅವಕಾಶವಿದೆ. ವಿಶ್ವವಿದ್ಯಾಲಯಗಳು ಬೇರೆ ಅನುದಾನಗಳಲ್ಲಿ ಕಟ್ಟಡ, ಕರೆಂಟು, ಆಡಳಿತಕ್ಕೆಂದು ಹಿಡಿದುಕೊಳ್ಳುವ ಪಾಲು ಇಲ್ಲಿ ಸಿಗುವುದಿಲ್ಲ. ಮನರಂಜನೆ, ಮದ್ಯಕ್ಕಂತೂ ಇಲ್ಲವೇ ಇಲ್ಲ. ಸಭೆಯ ಜಾಗದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಎಲ್ಲಿ ಸಿಗುತ್ತದೆಂದು ಗುರುತಿಸುವ ಯೋಜನೆಯನ್ನೂ ಅರ್ಜಿಯಲ್ಲಿ ಬರೆಯಬೇಕು. ಹಸುಗೂಸನ್ನು ನೋಡಿಕೊಳ್ಳುವವರಿಲ್ಲದೆ ಸಭೆ ತಪ್ಪಿಸುವ ಸಂಶೋಧಕಿಯರೂ ಇದ್ದಾರೆ.

ಎರಡನೆಯ ದಾರಿ ಭಾರತ ಸರ್ಕಾರದ ಯೋಜನೆಗಳು. ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ, ಅಂದರೆ ಎಸ್‌ಇಆರ್‌ಬಿ, ನಡೆಸುತ್ತಿದ್ದ ಅಂತರರಾಷ್ಟ್ರೀಯ ಪ್ರಯಾಣ ನೆರವು ಯೋಜನೆ ಎಲ್ಲರಿಗೂ ಗೊತ್ತಿರುವಂಥದ್ದು. ವಿದೇಶದ ಸಭೆಯಲ್ಲಿ ಪ್ರಬಂಧ ಮಂಡಿಸುವವರಿಗೆ ಅತಿ ಹತ್ತಿರದ ಮಾರ್ಗದ ಎಕಾನಮಿ ಟಿಕೆಟ್, ವೀಸಾ ಶುಲ್ಕ, 35 ವರ್ಷದೊಳಗಿನವರಿಗೆ ನೋಂದಣಿ ಶುಲ್ಕವನ್ನೂ ಕೊಡುತ್ತಿತ್ತು. 2023ರ ಕಾಯ್ದೆಯಿಂದ ಎಸ್‌ಇಆರ್‌ಬಿ ಜಾಗದಲ್ಲಿ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಬಂದಿದೆ. ಹಳೆಯ ಸೀನಿಯರ್‌ಗಳ ಬಾಯಿಮಾತನ್ನು ನಂಬದೆ, ಅರ್ಜಿ ಹಾಕುವ ದಿನ ಜಾಲತಾಣದಲ್ಲಿರುವ ನಿಯಮವನ್ನೇ ಓದಬೇಕು. ಜೈವಿಕ ತಂತ್ರಜ್ಞಾನ ಇಲಾಖೆ, ವಿಜ್ಞಾನ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ (ಸಿಎಸ್‌ಐಆರ್), ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕೂಡ ಪ್ರಯಾಣ ನೆರವು ಕೊಡುತ್ತವೆ. ಕೊಡುವ ಬಾಬತ್ತು, ವಯಸ್ಸಿನ ಮಿತಿ, ಎಷ್ಟು ವರ್ಷಕ್ಕೊಮ್ಮೆ ಎಂಬುದು ಒಂದೊಂದರದು ಒಂದೊಂದು ರೀತಿ.

ಮೂರನೆಯದು ಸ್ವಂತ ಸಂಸ್ಥೆ. ಗೈಡ್‌ಗೆ ಬಂದ ಯೋಜನಾ ಅನುದಾನದಲ್ಲಿ 'ಪ್ರಯಾಣ' ಎಂಬ ಬಾಬತ್ತು ಇರುತ್ತದೆ, ಆದರೆ ಅದರಲ್ಲಿ ವಿದೇಶ ಪ್ರಯಾಣಕ್ಕೆ ಬೇರೆಯೇ ಅನುಮತಿ ಬೇಕಾಗಬಹುದು. ಫೆಲೋಶಿಪ್ ಜತೆ ಬರುವ ವಾರ್ಷಿಕ ಸಾದಿಲ್ವಾರು ಹಣದಿಂದ ನೋಂದಣಿ ಶುಲ್ಕ ಕಟ್ಟಲು ಎಷ್ಟೋ ಕಡೆ ಅವಕಾಶವಿದೆ. ವಿದ್ಯಾರ್ಥಿಗಳಲ್ಲಿ ಬಹಳ ಮಂದಿ ಕೇಳುವುದೇ ಇಲ್ಲ.

'ಆರಂಭಿಕ ಹಂತ' ಎಂದರೆ ಯಾರು

ಒಂದೇ ವ್ಯಾಖ್ಯೆ ಇಲ್ಲ. ಕೆಲವರು ವಯಸ್ಸು ನೋಡುತ್ತಾರೆ, ಕೆಲವರು ಪಿಎಚ್‌ಡಿ ಮುಗಿದು ಎಷ್ಟು ವರ್ಷವಾಯಿತೆಂದು ನೋಡುತ್ತಾರೆ. ಎಂಡಿ ಮುಗಿಸಿ ಆಸ್ಪತ್ರೆ ಕೆಲಸದ ನಡುವೆ ಸಂಶೋಧನೆಗೆ ಬಂದವರು ಎರಡೂ ಅಳತೆಗಳ ನಡುವೆ ಬೀಳುತ್ತಾರೆ. ಹೆರಿಗೆ, ಮಗುವಿನ ಆರೈಕೆಗೆ ತೆಗೆದುಕೊಂಡ ಬಿಡುವನ್ನು ಲೆಕ್ಕದಿಂದ ಕಳೆಯುವ ನಿಯಮ ಹಲವು ಕಡೆ ಇದೆ. ಅದನ್ನು ಅರ್ಜಿಯಲ್ಲಿ ನೀವೇ ಬರೆಯಬೇಕು, ಅವರಾಗಿ ಹುಡುಕುವುದಿಲ್ಲ.

ನಿಜವಾದ ತೊಡಕು ತಾರೀಖುಗಳದು

ಅನುದಾನ ಸಿಗದೆ ಹೋದವರಿಗಿಂತ ತಾರೀಖು ತಪ್ಪಿ ಕಳೆದುಕೊಂಡವರು ಹೆಚ್ಚಿರಬೇಕು. ಜೂನ್ ಕೊನೆಯ ಸಭೆ ಎಂದಿಟ್ಟುಕೊಳ್ಳಿ. ಮಂಡನೆಯ ಸಾರಾಂಶ ಕಳಿಸುವ ಕೊನೆಯ ದಿನ ಚಳಿಗಾಲದಲ್ಲೇ ಬಂದುಹೋಗುತ್ತದೆ. ಒಪ್ಪಿಗೆಯ ಪತ್ರ ಮಾರ್ಚ್ ಹೊತ್ತಿಗೆ. ಭಾರತದ ಯೋಜನೆಗಳಿಗೆ ಆ ಪತ್ರವಿಲ್ಲದೆ ಅರ್ಜಿ ಹಾಕುವಂತಿಲ್ಲ. ಅರ್ಜಿಯೋ ಗೈಡ್, ವಿಭಾಗದ ಮುಖ್ಯಸ್ಥರು, ರಿಜಿಸ್ಟ್ರಾರ್ ಕಚೇರಿ ದಾಟಿ ಹೋಗಬೇಕು. ಒಂದೊಂದು ಮೇಜಿನ ಮೇಲೆ ಒಂದು ವಾರ ಕೂತರೂ ತಿಂಗಳು ಹೋಯಿತು. ಫಲಿತಾಂಶಕ್ಕೆ ಇನ್ನೊಂದಿಷ್ಟು ವಾರ. ಅಷ್ಟರಲ್ಲಿ ರಿಯಾಯಿತಿ ನೋಂದಣಿಯ ಗಡುವು ಮುಗಿದಿರುತ್ತದೆ, ಟಿಕೆಟ್ ದರ ಏರಿರುತ್ತದೆ, ವೀಸಾ ಸಂದರ್ಶನದ ದಿನ ಸಿಗದಾಗುತ್ತದೆ.

ಈ ಗಂಟು ಬಿಡಿಸಲು ಕೆಲಸಗಳನ್ನು ಒಂದರ ಹಿಂದೆ ಒಂದು ಎಂದು ಮಾಡದೆ ಜೊತೆಜೊತೆಗೇ ಮಾಡಬೇಕು. ಪಾಸ್‌ಪೋರ್ಟ್‌ನಲ್ಲಿ ಹಿಂತಿರುಗುವ ದಿನದಿಂದ ಕನಿಷ್ಠ ಆರು ತಿಂಗಳ ಅವಧಿ ಉಳಿದಿದೆಯೇ ಎಂದು ಮೊದಲೇ ನೋಡಿ. ಸಭೆಗೆ ಹೋಗುವವರು ಪಡೆಯುವ ಅಮೆರಿಕದ ಬಿ1/ಬಿ2 ವೀಸಾ ಸಂದರ್ಶನಕ್ಕೆ ಸರದಿ ತಿಂಗಳುಗಟ್ಟಲೆ ಇರುವುದುಂಟು. ಆದರೆ ಸಿಕ್ಕರೆ ಭಾರತೀಯರಿಗೆ ಸಾಮಾನ್ಯವಾಗಿ 10 ವರ್ಷಕ್ಕೆ. ಹಾಗಾಗಿ ಸಾರಾಂಶ ಕಳಿಸುವ ಹೊತ್ತಿಗೇ ಸಂದರ್ಶನದ ದಿನ ಹಿಡಿಯುವುದು ಜಾಣತನ. ಯುರೋಪಿನ ಷೆಂಗೆನ್ ವೀಸಾ ಬೇರೆ ಬಗೆ: ಪ್ರಯಾಣಕ್ಕೆ ಆರು ತಿಂಗಳಿಗಿಂತ ಮುಂಚೆ ಅರ್ಜಿ ತೆಗೆದುಕೊಳ್ಳುವುದಿಲ್ಲ, 15 ದಿನಕ್ಕಿಂತ ತಡವಾದರೂ ಇಲ್ಲ. 90 ಯೂರೊ ಶುಲ್ಕ, ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಬೇಕು. ಎರಡಕ್ಕೂ ಸಂಘಟಕರ ಆಹ್ವಾನ ಪತ್ರ ಇಟ್ಟುಕೊಳ್ಳಿ. ಪತ್ರದಲ್ಲಿ ನಿಮ್ಮ ಹೆಸರಿನ ಅಕ್ಷರಗಳು ಪಾಸ್‌ಪೋರ್ಟ್‌ನಲ್ಲಿ ಇದ್ದಂತೆಯೇ ಇರಬೇಕು. ತಂದೆಯ ಹೆಸರೋ ಊರಿನ ಹೆಸರೋ ಇನಿಷಿಯಲ್ ಆಗಿರುವ ನಮ್ಮವರಿಗೆ ಇದು ದೊಡ್ಡ ತಲೆನೋವು. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆದಿದ್ದರೆ ಸಾರಾಂಶ, ನೋಂದಣಿ, ಟಿಕೆಟ್ ಎಲ್ಲೆಡೆ ಅದನ್ನೇ ಹಾಕಿ.

ವೀಸಾ ಕೈಗೆ ಬರುವ ಮೊದಲು ಮರುಪಾವತಿ ಇಲ್ಲದ ಟಿಕೆಟ್ ಕೊಳ್ಳಬೇಡಿ. ವೀಸಾ ತಿರಸ್ಕೃತವಾದರೆ ಆ ನಷ್ಟವನ್ನು ಅನುದಾನ ತುಂಬಿಕೊಡುತ್ತದೆಂದು ನೆಚ್ಚಿಕೊಳ್ಳುವಂತಿಲ್ಲ.

ಅರ್ಜಿಯಲ್ಲಿ ಏನು ಗೆಲ್ಲುತ್ತದೆ

ಎಲ್ಲಕ್ಕೂ ಮೊದಲು ಸಾರಾಂಶ. ಸಾಮಾನ್ಯವಾಗಿ 250–300 ಪದಗಳ ಮಿತಿ. ಪ್ರಶ್ನೆ ಏನು, ಹೇಗೆ ಹುಡುಕಿದಿರಿ, ಎಷ್ಟು ಮಾದರಿ, ಏನು ಕಂಡಿತು ಎಂಬಿಷ್ಟು ಅದರಲ್ಲಿ ಇರಬೇಕು. 'ಫಲಿತಾಂಶವನ್ನು ಸಭೆಯಲ್ಲಿ ಚರ್ಚಿಸಲಾಗುವುದು' ಎಂಬ ಸಾಲು ಬಂದರೆ ಓದುವವರು ಫಲಿತಾಂಶವೇ ಇಲ್ಲ ಎಂದು ತಿಳಿಯುತ್ತಾರೆ; ತಿಳಿಯುವುದು ಸರಿಯೂ ಹೌದು. ಮಾದರಿ ಸಣ್ಣದಾದರೆ ಸಣ್ಣದೆಂದೇ ಬರೆಯಿರಿ. 12 ಮಕ್ಕಳ ದಾಖಲೆಯಿಂದ 'ಕಾರಣ ಪತ್ತೆ' ಎಂದು ಬರೆದರೆ ಈ ಕ್ಷೇತ್ರದ ಪರೀಕ್ಷಕರು ಅಲ್ಲೇ ಪುಟ ಮುಚ್ಚುತ್ತಾರೆ.

ಎರಡನೆಯದು ಉದ್ದೇಶದ ಪತ್ರ. ಈ ಸಭೆಯೇ ಏಕೆ, ಅಲ್ಲಿ ಯಾವ ತರಬೇತಿ ಅಥವಾ ಯಾರ ಕೆಲಸ ನಿಮ್ಮ ಪ್ರಬಂಧಕ್ಕೆ ಬೇಕು ಎಂಬುದು ಹೆಸರು ಹಿಡಿದು ಬರಬೇಕು. 'ಜ್ಞಾನ ವೃದ್ಧಿಗಾಗಿ' ಎಂಬುದು ಎಲ್ಲರ ಅರ್ಜಿಯಲ್ಲೂ ಇರುತ್ತದೆ. ಮೂರನೆಯದು ಗೈಡ್ ಪತ್ರ. ಕೊನೆಯ ದಿನ ಕೇಳಿದರೆ ಹಳೆಯ ಪತ್ರದಲ್ಲಿ ಹೆಸರು ಬದಲಿಸಿ ಕಳಿಸುತ್ತಾರೆ. ಮೂರು ವಾರ ಮೊದಲೇ, ಸಾರಾಂಶದ ಪ್ರತಿ ಸಮೇತ ಕೇಳಿ. ನಾಲ್ಕನೆಯದು ಖರ್ಚಿನ ಪಟ್ಟಿ. ಉಳಿದ ಹಣ ಎಲ್ಲಿಂದ ಬರುತ್ತದೆ ಎಂದು ತೋರಿಸಿದ ಅರ್ಜಿಗೆ ಬೆಲೆ ಹೆಚ್ಚು, ಏಕೆಂದರೆ ಅರ್ಧ ಹಣ ಕೊಟ್ಟು ವ್ಯಕ್ತಿ ಬರದೇ ಹೋದರೆ ಆ ಅನುದಾನ ವ್ಯರ್ಥ.

ಇಲ್ಲಿ ಹುಸಿ ಸಮ್ಮೇಳನಗಳ ಬಲೆಯ ಬಗ್ಗೆ ಎಚ್ಚರವಿರಲಿ. ಸಾರಾಂಶ ಕಳಿಸಿದ ಮರುದಿನವೇ ಒಪ್ಪಿಗೆ, ಪಿಎಚ್‌ಡಿ ವಿದ್ಯಾರ್ಥಿಗೆ 'ಮುಖ್ಯ ಭಾಷಣಕಾರ' ಪಟ್ಟ, ಭ್ರೂಣಶಾಸ್ತ್ರದಿಂದ ಹಲ್ಲಿನ ಚಿಕಿತ್ಸೆವರೆಗೆ ಒಂದೇ ಸಭೆಯಲ್ಲಿ ಎಲ್ಲ, ಹಿಂದೆ ಯಾವ ವೃತ್ತಿಪರ ಸೊಸೈಟಿಯೂ ಇಲ್ಲ. ಇಂಥ ಸಭೆಗಳು ಇರುವುದು ನೋಂದಣಿ ಶುಲ್ಕ ವಸೂಲಿಗೆ. ವಿವೇಚನೆಯುಳ್ಳ ಯಾವ ಅನುದಾನ ಸಮಿತಿಯೂ ಅದಕ್ಕೆ ದುಡ್ಡು ಕೊಡುವುದಿಲ್ಲ.

ಮಗುವಿನ ಫೋಟೊ, ಭ್ರೂಣದ ಚಿತ್ರ

ಬೇರೆ ಕ್ಷೇತ್ರಗಳಲ್ಲಿ ಅಷ್ಟಾಗಿ ಇಲ್ಲದ ಒಂದು ಜವಾಬ್ದಾರಿ ಇಲ್ಲಿದೆ. ಜನ್ಮಜಾತ ದೋಷದ ಪೋಸ್ಟರ್‌ನಲ್ಲಿ ಮುಖದ ಚಿತ್ರ ಬೇಕಾಗುತ್ತದೆ, ಏಕೆಂದರೆ ಕಣ್ಣುಗಳ ನಡುವಿನ ಅಂತರ, ಕಿವಿ ಕೂತ ಜಾಗವೇ ರೋಗದ ಗುರುತು. ಕಣ್ಣಿನ ಮೇಲೆ ಕಪ್ಪು ಪಟ್ಟಿ ಎಳೆದರೂ ಮಗು ಯಾರೆಂಬುದು ಮರೆಯಾಗುವುದಿಲ್ಲ. ಚಿಕಿತ್ಸೆಗೆ ಕೊಟ್ಟ ಒಪ್ಪಿಗೆ ಬೇರೆ, ಚಿತ್ರವನ್ನು ಸಭೆಯಲ್ಲಿ ತೋರಿಸಲು ಹೆತ್ತವರು ಲಿಖಿತವಾಗಿ, ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕಾದ ಒಪ್ಪಿಗೆ ಬೇರೆ. ಪೋಸ್ಟರ್ ಮುಂದೆ ನಿಂತವರು ಮೊಬೈಲ್‌ನಲ್ಲಿ ಫೋಟೊ ತೆಗೆಯುತ್ತಾರೆ ಎಂಬುದನ್ನೂ ಅವರಿಗೆ ಹೇಳಬೇಕು. ಆಸ್ಪತ್ರೆಯ ನೈತಿಕ ಸಮಿತಿಯ ಅನುಮತಿ ಸಂಖ್ಯೆ ಪೋಸ್ಟರ್ ಮೇಲಿರಲಿ.

ಭ್ರೂಣದ ಸ್ಕ್ಯಾನ್ ಚಿತ್ರವಾದರೆ ಇನ್ನೊಂದು ಎಚ್ಚರ. 1994ರ ಪಿಸಿಪಿಎನ್‌ಡಿಟಿ ಕಾಯ್ದೆ ಭ್ರೂಣದ ಲಿಂಗವನ್ನು ಯಾರಿಗೂ ತಿಳಿಸಬಾರದೆನ್ನುತ್ತದೆ. ಹೊರದೇಶದ ಪೋಸ್ಟರ್‌ಗಳಲ್ಲಿ 'ಗಂಡು ಭ್ರೂಣ, 22 ವಾರ' ಎಂದು ಸಲೀಸಾಗಿ ಬರೆದಿರುವುದನ್ನು ನೋಡಿ ಅದೇ ಮಾದರಿಯಲ್ಲಿ ಬರೆಯಹೋಗಬೇಡಿ. ರಕ್ತ, ಡಿಎನ್‌ಎ ಮಾದರಿಯನ್ನು ಸಂಶೋಧನೆಗೆಂದು ಸೂಟ್‌ಕೇಸಿನಲ್ಲಿ ಒಯ್ಯುವುದಂತೂ ಕೂಡದು. ವಿದೇಶದ ಸಹಯೋಗಕ್ಕೆ ಮಾದರಿ ಕಳಿಸಲು ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ದಾರಿ ಇದೆ.

ಟಿಕೆಟ್, ಬಿಲ್ಲು, ಬೋರ್ಡಿಂಗ್ ಪಾಸ್

ಹೆಚ್ಚಿನ ಅನುದಾನಗಳು ಹಣವನ್ನು ಮುಂಗಡ ಕೊಡುವುದಿಲ್ಲ. ಮೊದಲು ಖರ್ಚು ಮಾಡಿ, ಬಂದು ಬಿಲ್ಲು ಸಲ್ಲಿಸಿ, ಆಮೇಲೆ ಪಡೆಯಬೇಕು. ₹1.2 ಲಕ್ಷದ ಟಿಕೆಟನ್ನು ಮೊದಲು ಕೊಳ್ಳುವ ಶಕ್ತಿಯಿರುವ ಮನೆಯವರಿಗಷ್ಟೇ ಈ ನೆರವು ಸಲೀಸು. ಇಡೀ ವ್ಯವಸ್ಥೆಯ ದೊಡ್ಡ ಲೋಪ ಇದೇ. ಅದಕ್ಕಾಗಿ ಮಂಜೂರಾತಿ ಪತ್ರ ಬಂದ ದಿನವೇ ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿ ಮುಂಗಡಕ್ಕೆ ಅರ್ಜಿ ಹಾಕಿ. ಆ ಪತ್ರದ ಆಧಾರದ ಮೇಲೆ ಮುಂಗಡ ಕೊಟ್ಟು, ಹಣ ಬಂದಾಗ ಹೊಂದಿಸಿಕೊಳ್ಳುವ ಪದ್ಧತಿ ಕೆಲವು ಸಂಸ್ಥೆಗಳಲ್ಲಿದೆ.

ಕೇಂದ್ರ ಸರ್ಕಾರದ ಹಣದ ಟಿಕೆಟ್‌ಗಳನ್ನು ಮೂರು ಅಧಿಕೃತ ಏಜೆನ್ಸಿಗಳ ಮೂಲಕವೇ ಕೊಳ್ಳಬೇಕೆಂಬ ನಿಯಮವಿದೆ: ಬಾಮರ್ ಲಾರಿ, ಅಶೋಕ್ ಟ್ರಾವೆಲ್ಸ್, ಐಆರ್‌ಸಿಟಿಸಿ. ನಿಮ್ಮ ಮಂಜೂರಾತಿ ಪತ್ರದಲ್ಲಿ ಈ ಷರತ್ತು ಇದೆಯೇ ಎಂದು ನೋಡಿ. ಇದ್ದು, ಬೇರೆ ಆ್ಯಪ್‌ನಲ್ಲಿ ₹8,000 ಅಗ್ಗಕ್ಕೆ ಸಿಕ್ಕಿತೆಂದು ಕೊಂಡರೆ ಇಡೀ ಟಿಕೆಟ್ ಹಣ ತಿರಸ್ಕೃತವಾಗಬಹುದು. ಅಮೆರಿಕದ ಫೆಡರಲ್ ಹಣಕ್ಕೆ ಬೇರೆಯದೇ ನಿಯಮ: ಅಮೆರಿಕದ ವಿಮಾನ ಸಂಸ್ಥೆಯಲ್ಲೋ ಅದರ ಸಂಕೇತ ಸಂಖ್ಯೆಯಿರುವ ಸಹಭಾಗಿ ವಿಮಾನದಲ್ಲೋ ಹೋಗಬೇಕು. ಒಂದೇ ಟಿಕೆಟ್‌ಗೆ ಎರಡೂ ಕಡೆಯ ಹಣ ಸೇರಿಸಹೋದರೆ ಎರಡು ನಿಯಮಗಳ ನಡುವೆ ಸಿಕ್ಕಿಬೀಳುತ್ತೀರಿ. ಟಿಕೆಟ್ ಪೂರ್ತಿ ಒಂದು ಕಡೆಯಿಂದ, ಹೋಟೆಲ್–ನೋಂದಣಿ ಇನ್ನೊಂದು ಕಡೆಯಿಂದ ಎಂದು ಬಾಬತ್ತು ಬಾಬತ್ತಾಗಿ ಬೇರ್ಪಡಿಸುವುದೇ ಕ್ಷೇಮ. ಒಂದೇ ರಸೀದಿಯನ್ನು ಎರಡು ಕಡೆ ಸಲ್ಲಿಸುವುದು ವಂಚನೆ, ಸಿಕ್ಕಿಬಿದ್ದರೆ ಮುಂದಿನ ಅನುದಾನಗಳಿಗೂ ಕಲ್ಲು.

ಸೊಸೈಟಿ ಕೊಡುವ ಹಣ ಡಾಲರ್ ಚೆಕ್ ರೂಪದಲ್ಲಿ ಬಂದರೆ ಅದು ಇಲ್ಲಿನ ಬ್ಯಾಂಕಿನಲ್ಲಿ ಜಮೆಯಾಗಲು ವಾರಗಟ್ಟಲೆ ಹಿಡಿಯುತ್ತದೆ, ಕಮಿಷನ್ನೂ ಹೋಗುತ್ತದೆ. ನೇರ ಬ್ಯಾಂಕ್ ವರ್ಗಾವಣೆ ಸಾಧ್ಯವೇ ಎಂದು ಮೊದಲೇ ಕೇಳಿ.

ಪೋಸ್ಟರನ್ನು ಕಾಗದದ ಬದಲು ಬಟ್ಟೆಯ ಮೇಲೆ ಮುದ್ರಿಸಿದರೆ ಮಡಚಿ ಕೈಚೀಲದಲ್ಲಿಡಬಹುದು. ಉದ್ದನೆಯ ಕೊಳವೆ ವಿಮಾನದಲ್ಲಿ ಕಳೆದುಹೋಗುವ ಭಯವಿಲ್ಲ. ಅಳತೆಯನ್ನು ಸಂಘಟಕರ ಸೂಚನೆಯಲ್ಲಿ ನೋಡಿಯೇ ಮುದ್ರಿಸಿ. ಯುರೋಪಿನಲ್ಲಿ ಸಾಮಾನ್ಯವಾಗಿ ನಿಂತ ಎ0 ಅಳತೆ, 841 ಗುಣಿಸು 1,189 ಮಿಲಿಮೀಟರ್. ಅಮೆರಿಕದಲ್ಲಿ ಅಡ್ಡ ಹಲಗೆ, ಅಳತೆ ಅಡಿಗಳಲ್ಲಿ.

ಬಂದ ಮೇಲೆ ಸಲ್ಲಿಸಬೇಕಾದವು: ಟಿಕೆಟ್, ಹೋಗುವಾಗಿನ ಮತ್ತು ಬರುವಾಗಿನ ಬೋರ್ಡಿಂಗ್ ಪಾಸ್, ನೋಂದಣಿ ರಸೀದಿ, ಹೋಟೆಲ್ ಬಿಲ್, ಪಾಲ್ಗೊಂಡ ಪ್ರಮಾಣಪತ್ರ, ಖರ್ಚಿನ ತಃಖ್ತೆ, ಸಂಸ್ಥೆಯ ಮೂಲಕ ಹೋಗುವ ಹಣವಾದರೆ ಸರ್ಕಾರದ ಹಣಕಾಸು ನಿಯಮಗಳ (ಜಿಎಫ್‌ಆರ್) 12-ಎ ನಮೂನೆಯ ಬಳಕೆ ಪ್ರಮಾಣಪತ್ರ. ಬೋರ್ಡಿಂಗ್ ಪಾಸ್ ಮೊಬೈಲ್‌ನಲ್ಲಿದ್ದರೆ ವಿಮಾನ ಇಳಿದ ಮೇಲೆ ಆ್ಯಪ್‌ನಿಂದ ಮಾಯವಾಗಬಹುದು, ಹತ್ತುವ ಮೊದಲೇ ಸ್ಕ್ರೀನ್‌ಶಾಟ್ ತೆಗೆದಿಡಿ. ಕೌಂಟರ್‌ನಲ್ಲಿ ಕೇಳಿ ಕಾಗದದ್ದನ್ನೇ ಪಡೆದರೆ ಇನ್ನೂ ಒಳ್ಳೆಯದು. ಬಿಸಿಕಾಗದದ ರಸೀದಿಗಳ ಶಾಯಿ ಬೆಂಗಳೂರು ತಲುಪಿ ಫೈಲು ಸೇರುವಷ್ಟರಲ್ಲಿ ಮಾಸುತ್ತದೆ. ಅಂದಂದಿನ ರಸೀದಿಯನ್ನು ಅಂದಂದೇ ಫೋಟೊ ಹಿಡಿದು, ಹಿಂಬದಿಯಲ್ಲಿ ಪೆನ್ನಿನಿಂದ ಮೊತ್ತ, ದಿನ, ಯಾವುದಕ್ಕೆ ಎಂದು ಬರೆದು ಒಂದೇ ಲಕೋಟೆಗೆ ಹಾಕುತ್ತಾ ಬನ್ನಿ.